ಅಗಾತೀನ ಬಳಿದ ಜಾರುಗಂಬ

ಸೂರ್ಯ ಇನ್ನೂ ಕಡಲಿನಿಂದ ತಲೆ ಎತ್ತಿಲ್ಲ. ಕಾಲಮೂರ ಎಂಬ ಮೀನುಗಾರರ ಊರಿನ ಧಕ್ಕೆಯಿಂದ ನೀರಿನ ಮೇಲಕ್ಕೆ ಅಡ್ಡಲಾಗಿ ಚಾಚಿಕೊಂಡ ಹನ್ನೊಂದು ಮೀಟರಿನ ಕಂಬದ ತುದಿಯಲ್ಲಿ, ಕುದುರೆ ಏರಿದವರ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು, ಅರವತ್ತಮೂರು ವರ್ಷದ ಹೆಂಗಸೊಬ್ಬರು ಕುಳಿತಿದ್ದಾರೆ. ಬರಿಗಾಲು, ಗಂಡನ ಹಳೆಯ ಪ್ಯಾಂಟು, ಮುಂದೆ ಕೊಕ್ಕೆಗೆ ನೇತುಹಾಕಿದ ಬಕೆಟ್ಟು. ಕೆಳಗೆ ನೀರು ಕೆನೆಗಟ್ಟಿದ ಹಾಲಿನಂತೆ ಅಲುಗದೆ ಬಿದ್ದಿದೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದ ಹೊತ್ತು ಅದು. ಮೀನಿನ ಕಟ್ಟೆಯಿಂದ ನೋಡಿದರೆ ಆಕೆ ಬರಿಯ ಗಾಳಿಯಲ್ಲಿ ಕುಳಿತು ಏನನ್ನೋ ಹೊಲಿಯುತ್ತಿದ್ದಾರೆ ಎನಿಸುತ್ತದೆ.

ಅಗಾತೀನ ಹೊಲಿಯುತ್ತಿಲ್ಲ. ಕಂಬದ ತುದಿಯ ಗೂಟಕ್ಕೆ ಕೆಂಪು ಬಾವುಟ ಕಟ್ಟುತ್ತಿದ್ದಾರೆ. ಹಗ್ಗವನ್ನು ಎರಡು ಸುತ್ತು ಹಾಕಿ, ಬಿಗಿದು, ಎಳೆದು ನೋಡಿ, ಗಂಟಿನ ಮೇಲೆ ಹೆಬ್ಬೆರಳನ್ನು ಅದುಮಿ ಹಿಡಿಯುತ್ತಾರೆ. ಆಮೇಲೆ ಬಕೆಟ್ಟಿನಿಂದ ಕೈತುಂಬ ಕೊಬ್ಬು ತೆಗೆದು ಕಂಬಕ್ಕೆ ಬಳಿಯುತ್ತಾ ಒಂದೊಂದೇ ಗೇಣು ಹಿಂದಕ್ಕೆ, ದಡದ ಕಡೆಗೆ, ಸರಿಯತೊಡಗುತ್ತಾರೆ.

ಕೆಳಗೆ ದೋಣಿಯಲ್ಲಿ ಮೈದುನ ತಾನೊ ಇದ್ದಾನೆ. ಅತ್ತಿಗೆ ಬಿದ್ದರೆ ಎತ್ತಿಕೊಳ್ಳುವುದು ಅವನ ಕೆಲಸ. ಬೀಳುವವರೆಗೂ ಬಾಯಿಗೆ ಕೆಲಸ.

"ಅತ್ತಿಗೇ, ಗಂಟು ಹಾಕಿದ್ದಾಯ್ತಾ?"

"ಸುಮ್ನಿರು ತಾನೊ."

"ಅಲ್ಲ, ಕೇಳ್ದೆ ಅಷ್ಟೆ."

"ಕೇಳ್ಬೇಡ. ನೀನು ಕೇಳಿದ್ರೆ ಹಾಕಿದ ಗಂಟೂ ಹಾಕಿಲ್ವೇನೋ ಅನ್ಸತ್ತೆ ನಂಗೆ."

ಮೇ ತಿಂಗಳ ಕೊನೆಯ ಭಾನುವಾರ ಕಡಲಮಾತೆಯ ಹಬ್ಬ. ಬೆಳಗ್ಗೆ ಮಾತೆಯ ಮೂರ್ತಿ ದೋಣಿಯಲ್ಲಿ ಕೊಲ್ಲಿಯನ್ನು ಸುತ್ತಿ ಬರುತ್ತದೆ. ಸಂಜೆ ಐದಕ್ಕೆ ಜಾರುಗಂಬ. ಊರಿನ ಗಂಡಸರು ಒಬ್ಬರ ಹಿಂದೊಬ್ಬರು ಈ ಕಂಬದ ಮೇಲೆ ಓಡುತ್ತಾರೆ, ಜಾರುತ್ತಾರೆ, ಕಡಲಿಗೆ ಬೀಳುತ್ತಾರೆ, ಈಜಿ ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಗೋಡೆಗೋಡೆಗೂ ಅಂಟಿಸಿದ ಹಬ್ಬದ ಪಟ್ಟಿಯಲ್ಲಿ ಪಾದ್ರಿಗಳ ಹೆಸರಿದೆ, ವಾದ್ಯದವರ ಹೆಸರಿದೆ, ಬಾದಾಮಿ ಚಿಕ್ಕಿ ಮಾರುವವನ ಹೆಸರೂ ಇದೆ. ಜಾರುಗಂಬದ ಮುಂದೆ ಬರಿಯ ಹೊತ್ತು ಮಾತ್ರ. ಕಂಬ ತಾನಾಗಿ ಜಾರುತ್ತದೆ ಎಂದು ಊರು ನಂಬಿದೆ.

ಹಾಗೆ ನೋಡಿದರೆ ಜಾರಿಸುವುದು ಸುಲಭ. ಎಷ್ಟು ಜಾರಬೇಕೋ ಅಷ್ಟೇ ಜಾರಿಸುವುದು ಕಷ್ಟ. ಮೂವತ್ತು ಜನ ಬೀಳುವ ಮೊದಲೇ ಬಾವುಟ ಕೈಗೆ ಸಿಕ್ಕರೆ ಆ ವರ್ಷ ಬೂತಾಯಿ ಮೀನು ಕೊಲ್ಲಿಗೆ ಬಾರದು ಎಂಬ ಮಾತಿದೆ. ಸಂಜೆಯ ಗಂಟೆ ಬಾರಿಸಿದ ಮೇಲೂ ಸಿಗದಿದ್ದರೆ ಮಾತೆಗೆ ಮುನಿಸು. ಗಾಳಿಗೆ ಬಾವುಟ ತಾನಾಗಿ ಕಳಚಿ ನೀರಿಗೆ ಬಿದ್ದರಂತೂ ಏನು ಕೇಡು ಕಾದಿದೆ ಎಂದು ಬಾಯಿಬಿಟ್ಟು ಹೇಳುವವರೇ ಇಲ್ಲ. ಇಷ್ಟೆಲ್ಲ ಭಾರ ಒಂದು ಬಕೆಟ್ಟು ಕೊಬ್ಬಿನ ಮೇಲೆ.

ಹದಿನಾಲ್ಕು ಕಿಲೊ ದನದ ಕೊಬ್ಬು, ತುರಿದ ಬಟ್ಟೆ ಸೋಪು ಮೂರು ಕಟ್ಟಿ. ಹಿಂದಿನ ದಿನ ಸಣ್ಣ ಉರಿಯಲ್ಲಿ ಕರಗಿಸಿ ಆರಲು ಬಿಡುತ್ತಾರೆ. "ಬ್ರಷ್ಷಿಗೆ ಏನು ಗೊತ್ತಾಗತ್ತೆ? ಅಂಗೈಗೆ ಗೊತ್ತಾಗತ್ತೆ," ಎನ್ನುತ್ತಾರೆ ಅಗಾತೀನ. ಬೆಳಗಿನ ತಂಪು ಇರುವಾಗಲೇ ಬಳಿಯಬೇಕು, ಆಗ ಕೊಬ್ಬು ಮರಕ್ಕೆ ಕಚ್ಚಿ ಕೂರುತ್ತದೆ. ತುದಿಯಿಂದ ಬುಡಕ್ಕೇ ಬರಬೇಕು, ಇಲ್ಲದಿದ್ದರೆ ಬಳಿದವರೇ ಮೊದಲು ಜಾರುತ್ತಾರೆ. ಈ ಕೆಲಸ ಮಾವನದ್ದು, ಆಮೇಲೆ ಗಂಡ ವಾನಿಯದ್ದು. ಒಂಬತ್ತು ವರ್ಷದ ಹಿಂದೆ, ಹಬ್ಬಕ್ಕೆ ಹತ್ತು ದಿನ ಇರುವಾಗ, ವಾನಿ ತೀರಿಕೊಂಡರು. ಬೇರೆ ಯಾರಿಗೂ ಹದ ಗೊತ್ತಿರಲಿಲ್ಲ. ಸಾವಿನ ಮನೆಯ ಕರಿಬಟ್ಟೆಯಲ್ಲೇ ಅಗಾತೀನ ಕಂಬ ಹತ್ತಿದರು.

ವರ್ಷದ ಉಳಿದ ದಿನಗಳಲ್ಲಿ ಆಕೆ ಮೀನು ಉಪ್ಪು ಹಾಕುವ ಕೊಟ್ಟಿಗೆಯಲ್ಲಿರುತ್ತಾರೆ. ಬೂತಾಯಿಯ ತಲೆ ಚಿವುಟಿ, ಕರುಳು ತೆಗೆದು, ಪೀಪಾಯಿಯಲ್ಲಿ ಸುತ್ತು ಸುತ್ತಾಗಿ ಜೋಡಿಸಬೇಕು. ದಿನಕ್ಕೆ ಹದಿನೆಂಟು ತಟ್ಟೆ. ಕಳೆದ ಬೇಸಿಗೆಯಲ್ಲಿ ನಾಲ್ಕು ತಟ್ಟೆ ತುಂಬಿದರೆ ಅದೇ ದೊಡ್ಡದು. ಮೀನು ಬರಲಿಲ್ಲ. ಅದಕ್ಕೆ ಅಗಾತೀನರೇ ಕಾರಣ ಎಂದು ಊರು ಹೇಳಿತು.

ಯಾಕೆಂದರೆ ಕಳೆದ ವರ್ಷ ಮೊದಲನೆಯ ಓಟಕ್ಕೇ ಬಾವುಟ ಕೈಗೆ ಸಿಕ್ಕಿತ್ತು. ವಾದ್ಯದವರು ಇನ್ನೂ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅಗಾತೀನರನ್ನು ಅತ್ತೆ ಎಂದೇ ಕರೆಯುವ, ಬಲೆ ಹೆಣೆಯುವ ಕಾಲೊಜೆರೊ ಎಂಬ ತರುಣ ಸರಸರನೆ ಓಡಿ ಬಾವುಟ ಹಿಡಿದವನು, ಏನು ಮಾಡಬೇಕೆಂದು ತಿಳಿಯದೆ ತುದಿಯಲ್ಲೇ ನಿಂತುಬಿಟ್ಟ. ಅಂದಿನಿಂದ ಅವನಿಗೆ "ಅತ್ತೆ ಕೊಟ್ಟ ಬಾವುಟದವನು" ಎಂದು ಹೆಸರು.

ಬಿಸಿಗಾಳಿಗೆ ಕೊಬ್ಬು ಕರಗಿತು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಿಜ ಗೊತ್ತಿದ್ದದ್ದು ತಾನೊಗೆ ಮಾತ್ರ. ಈಗ ಬರೆದುಕೊಳ್ಳಲು ಬಂದ ನನಗೆ ಅಗಾತೀನ ತಾವೇ ಹೇಳುತ್ತಾರೆ, ಮರೆಮಾಚದೆ: "ಬರ್ಕೊಳಿ. ತಪ್ಪು ತಪ್ಪೇ. ಪೂರ್ತಿ ಬಳಿದು ದಡಕ್ಕೆ ಬಂದ್ಮೇಲೆ, ಗಂಟು ಸರಿ ಹಾಕಿದ್ನೋ ಇಲ್ವೋ ಅಂತ ಅನುಮಾನ ಬಂತು. ಬಳಿದ ಕಂಬದ ಮೇಲೇ ತೆವಳ್ಕೊಂಡು ವಾಪಸ್ ಹೋದೆ. ಗಂಟು ಸರಿಯಾಗೇ ಇತ್ತು. ಆದ್ರೆ ಬಳಿದದ್ದೆಲ್ಲ ನನ್ನ ಪ್ಯಾಂಟಿಗೆ ಬಂದಿತ್ತು." ಬಕೆಟ್ಟಿನ ತಳ ಕೆರೆದು ಮತ್ತೆ ತೆಳ್ಳಗೆ ಹಚ್ಚಿದರು. ಅದನ್ನು ಮಧ್ಯಾಹ್ನದ ಗಾಳಿ ನೆಕ್ಕಿತು.

ಹಬ್ಬದ ಸಮಿತಿಯ ಹಿರಿಯರು ಔಷಧಿ ಅಂಗಡಿಯ ದೊನ್ ಲಿಬೋರಿಯೊ. ಈ ವರ್ಷ ಅವರು ಮನೆಗೇ ಬಂದು, ಕೊಟ್ಟ ಕಾಫಿ ಕುಡಿದು, ಮೆತ್ತಗೆ ಹೇಳಿದರು: "ಇದೊಂದು ವರ್ಷ ನೋಡೋಣಮ್ಮ. ಸರಿಹೋಗ್ಲಿಲ್ಲ ಅಂದ್ರೆ ಮುಂದಿನ ಸಲದಿಂದ ಡಬ್ಬದ ಗ್ರೀಸು. ಅದು ಎಂಥ ಬಿಸಿಗಾಳಿಗೂ ಕರಗಲ್ಲ." ನಿನ್ನೆ ಕೊಬ್ಬು ಕಾಯಿಸುತ್ತಿದ್ದಾಗ ಕಾಲೊಜೆರೊ ಕೂಡ ಕಿಟಕಿಯಲ್ಲಿ ಇಣುಕಿದ್ದ: "ಅತ್ತೆ, ಈ ಸಲ ದಪ್ಪಗೆ ಬಳೀರಿ. ನಾನು ಎಲ್ಲರ ಮುಂದೆ ಬೀಳ್ಬೇಕು."

ಈಗ ಅಗಾತೀನ ಕಂಬದ ನಡುಮಧ್ಯಕ್ಕೆ ಬಂದಿದ್ದಾರೆ. ಸೂರ್ಯ ಸರಿಯಾಗಿ ಬಾವುಟದ ಹಿಂದಿನಿಂದಲೇ ಮೇಲೇಳುತ್ತಾನೆ. ಕಡಲೆಲ್ಲ ಬೆಳಕು. ಬಾವುಟವೂ ಗೂಟವೂ ಆ ಬೆಳಕಿನಲ್ಲಿ ಕರಗಿಹೋಗುತ್ತವೆ. ಬಳಿಯುವ ಕೈ ನಿಲ್ಲುತ್ತದೆ.

"ತಾನೊ, ಗಂಟು ಕಾಣತ್ತಾ?"

ತಾನೊ ಈಗ ತಮಾಷೆ ಮಾಡುವುದಿಲ್ಲ. "ಇಲ್ಲ ಅತ್ತಿಗೆ, ಬಿಸಿಲು ಕಣ್ಣಿಗೆ ಹೊಡೀತಿದೆ. ತುದಿ ಕೆಳಗೆ ಹೋಗಿ ನೋಡ್ಲಾ?"

ದೋಣಿಯ ಹಲಗೆಗೆ ನೀರು ತಟ್ಟುವುದು ಮಾತ್ರ ಕೇಳುತ್ತದೆ.

"ಬೇಡ. ನೀನು ನೋಡಿದ್ರೂ, ಇನ್ನೊಂದ್ಸಲ ನೋಡು ಅಂತೀನಿ."

ಆಮೇಲೆ ಬಲಗೈಯ ಹೆಬ್ಬೆರಳನ್ನು ತೋಳಿಗೆ ಒರೆಸಿಕೊಂಡು ಬೆಳಕಿಗೆ ಹಿಡಿಯುತ್ತಾರೆ. ಕೊಬ್ಬು ಹೋದ ಚರ್ಮದ ಮೇಲೆ ಹಗ್ಗದ ಹುರಿ ಅದುಮಿ ಬಿದ್ದ ಗೆರೆಗಳು ಇನ್ನೂ ಮಾಸಿಲ್ಲ. ಅದನ್ನೇ ನೋಡುತ್ತಾರೆ, ಪತ್ರ ಓದುವವರ ಹಾಗೆ. ಮತ್ತೆ ಬಕೆಟ್ಟಿಗೆ ಕೈ ಹಾಕುತ್ತಾರೆ. ದಡ ಮುಟ್ಟುವವರೆಗೆ ತಲೆ ಎತ್ತುವುದಿಲ್ಲ.

ಸಂಜೆ ನಾಲ್ಕಕ್ಕೆ ಬಿಸಿಗಾಳಿ ಏಳುತ್ತದೆ. ಬಾವುಟ ಪಟಪಟ ಬಡಿದುಕೊಳ್ಳುವಾಗ ಧಕ್ಕೆಯ ತುಂಬ ನಿಂತ ಜನ ಒಮ್ಮೆ ಬಾವುಟವನ್ನೂ ಒಮ್ಮೆ ಅಗಾತೀನರನ್ನೂ ನೋಡುತ್ತಾರೆ. ಕೊಡೆಯ ಕೆಳಗೆ ಕುಳಿತ ದೊನ್ ಲಿಬೋರಿಯೊ ಅವರ ಕಾಲ ಬಳಿ ಗ್ರೀಸಿನ ಹೊಸ ಡಬ್ಬ ಇದೆ. ಐದಕ್ಕೆ ಮೊದಲು ಓಡುವವನು ಕಾಲೊಜೆರೊ. ಮೂರನೆಯ ಹೆಜ್ಜೆಗೇ ಅವನ ಎರಡೂ ಕಾಲು ಆಕಾಶ ನೋಡುತ್ತವೆ. ನೀರಿನಿಂದ ತಲೆ ಎತ್ತಿದವನೇ ಕೂಗುತ್ತಾನೆ: "ನೋಡಿದ್ರಾ? ಬಿದ್ದೆ!" ಇಡೀ ಧಕ್ಕೆ ನಗುತ್ತದೆ. ವರ್ಷದಿಂದ ಕಟ್ಟಿಕೊಂಡಿದ್ದ ಏನೋ ಒಂದು ಆ ನಗೆಯಲ್ಲಿ ಸಡಿಲವಾಗುತ್ತದೆ.

ಹತ್ತು, ಹತ್ತೊಂಬತ್ತು, ಇಪ್ಪತ್ತೇಳು. ಬೀಳುವವರ ಸದ್ದನ್ನು ಅಗಾತೀನ ಕಣ್ಣು ಮುಚ್ಚಿ ಎಣಿಸುತ್ತಾರೆ. ವಾದ್ಯದವರ ಬಳಿ ಇದ್ದ ಹಾಡುಗಳೆಲ್ಲ ಮುಗಿದು, ಮೊದಲ ಹಾಡು ಮತ್ತೆ ಶುರುವಾಗುತ್ತದೆ. ಗಂಟೆಗೋಪುರದ ನೆರಳು ನಿಧಾನವಾಗಿ ಬಂದು ಕಂಬದ ಬುಡ ಮುಟ್ಟುತ್ತದೆ. ಮೂವತ್ತೆಂಟು ಮಂದಿ ಬಿದ್ದಾಯಿತು. ಮೂವತ್ತೊಂಬತ್ತನೆಯವನು ಮೀನು ಹರಾಜು ಕೂಗುವ ಹೊಟ್ಟೆದಪ್ಪನ ಆಸಾಮಿ. ಜಾರುತ್ತಾ ಜಾರುತ್ತಾ ಕೊನೆಯ ಎರಡು ಮಾರು ಹೊಟ್ಟೆಯ ಮೇಲೇ ಹೋಗುತ್ತಾನೆ, ಕೈ ಚಾಚುತ್ತಾನೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಅವನೂ ಬಾವುಟವೂ ಕಡಲಿಗೆ ಬಿದ್ದ ಮರುಗಳಿಗೆ ಗೋಪುರದಲ್ಲಿ ಸಂಜೆಯ ಗಂಟೆ.

ದೊನ್ ಲಿಬೋರಿಯೊ ಗಡಿಯಾರ ನೋಡಿಕೊಳ್ಳುತ್ತಾರೆ. ಡಬ್ಬವನ್ನು ಎತ್ತಿ ತಾನೊನ ಕೈಗಿಡುತ್ತಾರೆ. "ನಿನ್ನ ದೋಣಿಯ ಎಂಜಿನ್ನಿಗೆ ಹಾಕ್ಕೊ."

ಜನ ಕರಗಿದ ಮೇಲೆ ಅಗಾತೀನ ಸೋಪಿನ ನೀರಿನಲ್ಲಿ ಕೈ ತೊಳೆಯುತ್ತಿದ್ದಾರೆ. ಐದು ಸಲ ಬಿದ್ದು ಮೈಯೆಲ್ಲ ಕೊಬ್ಬಾದ ಕಾಲೊಜೆರೊ ಪಕ್ಕದಲ್ಲಿ ಕುಳಿತು ಹುರಿಗಡಲೆ ತಿನ್ನುತ್ತಿದ್ದಾನೆ. ಮುಂದಿನ ವರ್ಷ ಹಬ್ಬದ ಪಟ್ಟಿಯಲ್ಲಿ ಅತ್ತಿಗೆಯ ಹೆಸರು ಹಾಕಿಸೋಣ ಎಂದು ತಾನೊ ಹೇಳಿದರೆ, "ಯಾಕೆ, ಹೆಸರಿಗೂ ಕೊಬ್ಬು ಹಚ್ಬೇಕಾ?" ಎಂದು ಆಕೆ ತಳ್ಳಿಹಾಕುತ್ತಾರೆ.

"ಅತ್ತೆ, ಹೆಂಗಸರನ್ನ ಕಂಬದ ಮೇಲೆ ಓಡೋಕೆ ಬಿಡಲ್ವಲ್ಲ, ನಿಮಗೆ ಬೇಜಾರಾಗಲ್ವಾ?" ಎಂದು ಕಾಲೊಜೆರೊ ಕೇಳುತ್ತಾನೆ.

ಅಗಾತೀನ ಒದ್ದೆ ಹೆಬ್ಬೆರಳನ್ನು ನೋಡಿಕೊಳ್ಳುತ್ತಾರೆ. ಗೆರೆಗಳು ಮಾಸಿವೆ.

"ನಂಗ್ಯಾಕೋ ಬೇಜಾರು? ನೀವು ಸಂಜೆ ಮುಟ್ಟೋ ಬಾವುಟಾನ ಒಂಬತ್ತು ವರ್ಷದಿಂದ ನಾನು ಬೆಳಗ್ಗೇನೇ ಮುಟ್ಟಿರ್ತೀನಿ. ಒಂದ್ಸಲಾನೂ ಬಿದ್ದಿಲ್ಲ."