ಹೆಲ್ಮೆಟ್ಟಿನೊಳಗಿನ ಕಾಳುಮೆಣಸು

ಹೆಲ್ಮೆಟ್ಟಿನ ಒಳಗಿನ ಸ್ಪಂಜಿಗೆ ಒಂದು ಕೂದಲು ಅಂಟಿಕೊಂಡಿತ್ತು. ಎಳೆದಷ್ಟೂ ಬರುತ್ತಿತ್ತು. ಕಪ್ಪಗೆ, ನೇರವಾಗಿ, ಎಲ್ಲೂ ಒಂದು ಸುರುಳಿಯಿಲ್ಲದೆ. ಅದರ ಹಿಂದೆಯೇ ವಾಸನೆಯೂ ಬಂತು: ಹಳೆಯ ಬೆವರು, ಒದ್ದೆ ರಬ್ಬರು, ಅವೆರಡರ ಅಡಿಯಲ್ಲಿ ಕಾಳುಮೆಣಸು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಕೂದಲು ನನ್ನದಲ್ಲವೆಂದು ನೋಡಿದ ಕೂಡಲೇ ತಿಳಿಯಿತು. ಎಣ್ಣೆ ಮಾತ್ರ ನನ್ನ ಅಮ್ಮನದು.

ಕ್ವಾಲಾಲಂಪುರದ ಮಾಲೊಂದರಲ್ಲಿ ನಾವು ಮಕ್ಕಳು ಐಸ್ ಹಾಕಿ ಆಡುತ್ತಿದ್ದೆವೆಂದರೆ ಮೈಸೂರಿನ ನೆಂಟರು ಇಂದಿಗೂ ನಗುತ್ತಾರೆ. ಹೊರಗೆ ಬೆಳಗಿನ ಹೊತ್ತಿಗೇ ಅಂಗಿ ಬೆನ್ನಿಗಂಟುವ ಸೆಕೆ. ಒಳಗೆ, ಅಂಗಡಿಗಳ ಶಟರು ಮೇಲೇರುವ ಮೊದಲು, ಬಿಳಿಯ ಐಸಿನ ಮೇಲೆ ನಮ್ಮ ಸ್ಕೇಟುಗಳ ಕರಕರ ಸದ್ದು. ಮಾಂಟ್ ಕಿಯಾರಾ ಬಡಾವಣೆಯ ವಿದೇಶಿ ಮಕ್ಕಳ ತಂಡ ನಮ್ಮನ್ನು ಹೆಚ್ಚುಕಡಿಮೆ ಪ್ರತಿಸಲವೂ ಸೋಲಿಸುತ್ತಿತ್ತು. ನಮ್ಮ ಬಣ್ಣಬಣ್ಣದ, ಒಂದಕ್ಕೊಂದು ಹೊಂದದ ಜರ್ಸಿಗಳನ್ನು ನೋಡಿ ನಮಗೆ ‘ಐಸ್ ಕಚಾಂಗ್’ ಎಂದು ಹೆಸರಿಟ್ಟವರೂ ಅವರೇ. ಅದು ಇಲ್ಲಿನ ಒಂದು ತಿನಿಸು, ತುರಿದ ಐಸಿನ ಮೇಲೆ ಅಲಸಂದೆಯಂಥ ಕಾಳು, ಜೋಳ, ಕೆಂಪು ಹಸಿರು ಪಾಕ ಸುರಿದು ಕೊಡುವುದು. ಹಂಗಿಸಲು ಇಟ್ಟ ಹೆಸರನ್ನೇ ನಾವು ಹೆಮ್ಮೆಯಿಂದ ಹೊತ್ತುಕೊಂಡೆವು. ಈಗ ಆ ರಿಂಕು, ನಮ್ಮ ಐಸಿನ ಅಂಗಳ, ಮುಚ್ಚಿದೆ. ಹಳೆಯ ಗೆಳೆಯರು ಸೇರಿ ಬೇರೊಂದು ರಿಂಕಿನ ಗಾಜಿನ ಕಪಾಟಿನಲ್ಲಿ ನಮ್ಮ ಸಾಮಾನುಗಳನ್ನಿಟ್ಟು, ಪಕ್ಕದಲ್ಲಿ ತಂಡದ ಇತಿಹಾಸವನ್ನು ಒಂದು ಪುಟದಲ್ಲಿ ಬರೆದು ಹಾಕುವುದೆಂದು ತೀರ್ಮಾನಿಸಿದರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳೆಂದು ಬರೆಯುವ ಕೆಲಸ ನನಗೆ ಬಂತು. ಸಾಮಾನುಗಳ ಪೆಟ್ಟಿಗೆಯೂ ನನ್ನ ಮನೆಗೇ ಬಂತು.

ಇತಿಹಾಸದಲ್ಲಿ ನನ್ನ ಜಾಗ ಚಿಕ್ಕದು. ನಾನು ಎರಡನೇ ಗೋಲ್‌ಕೀಪರ್. ತಂಡದಲ್ಲಿ ಗೋಲ್‌ಕೀಪರಿನ ಹೆಲ್ಮೆಟ್ಟು, ಕಾಲಿನ ಪ್ಯಾಡುಗಳು ಒಂದೇ ಜೊತೆ ಇದ್ದವು. ಮೊದಲನೆಯವಳು ಆಡುವಾಗ ಎರಡನೆಯವಳು ಬೆಂಚಿನ ಪಕ್ಕದ ಪುಟ್ಟ ಬಾಗಿಲನ್ನು ತೆರೆಯಬೇಕು, ಮುಚ್ಚಬೇಕು, ಅಷ್ಟೇ. ತಂಡಕ್ಕೆ ಸೇರಿದ ಹೊಸದರಲ್ಲಿ ನನಗೆ ಸೊಂಟದವರೆಗೆ ಕೂದಲಿತ್ತು. ಪ್ರತಿದಿನ ಬೆಳಿಗ್ಗೆ ಅಮ್ಮ ಪುಚೊಂಗಿನ ನಮ್ಮ ಮನೆಯ ಅಡುಗೆಮನೆ ಹೊಸ್ತಿಲಲ್ಲಿ ನನ್ನನ್ನು ಕೂರಿಸಿಕೊಂಡು ಎರಡು ಜಡೆ ಹೆಣೆಯುತ್ತಿದ್ದಳು. ಜಡೆಯಿಲ್ಲದೆ ಹೆಲ್ಮೆಟ್ಟು ಸರಿಯಾಗಿ ಕೂತರೆ ಕೋಚ್ ಗೋಲಿಗೆ ನನ್ನನ್ನೇ ಆರಿಸುತ್ತಾರೆಂಬುದು ನನ್ನ ಲೆಕ್ಕಾಚಾರ. ಹಟ ಹಿಡಿದು ಬ್ರಿಕ್‌ಫೀಲ್ಡ್ಸಿನ ಪಾರ್ಲರಿನಲ್ಲಿ ಕಿವಿಯವರೆಗೆ ಕತ್ತರಿಸಿಕೊಂಡೆ. ಅಮ್ಮ ಬಯ್ಯಲಿಲ್ಲ. ಬಸ್ಸಿನಲ್ಲಿ ಬರುವಾಗ ಒಂದು ಸಲ ಮಾತ್ರ, “ಬೆಳಗ್ಗೆ ನನ್ನ ಕೈಗೆ ಇನ್ನೇನು ಕೆಲ್ಸ ಪುಟ್ಟಿ,” ಎಂದಳು.

ಆ ಕೈಗಳಿಗೆ ಬೇಗನೆ ಕೆಲಸ ಸಿಕ್ಕಿತು. ಶಿನ್ ಯೀ ತಂಡಕ್ಕೆ ಸೇರಿದಳು. ನನ್ನ ವಯಸ್ಸಿನವಳೇ, ಮಂಡಿ ಮುಟ್ಟುವ ಕೂದಲು, ಬೆಕ್ಕಿನ ಹಾಗೆ ಮಡಚಿ ನೆಗೆಯುವ ಮೈ. ಮೊದಲ ವಾರವೇ ಗೋಲಿನ ಮುಂದೆ ನಿಂತಳು. ಅವಳ ತಾಯಿ ಸಿಂಗಪುರದಲ್ಲಿ ನರ್ಸ್. ಶನಿವಾರ ಬೆಳಿಗ್ಗೆ ಅವಳಪ್ಪ ಅವಳನ್ನು ನಮ್ಮ ಮನೆಯಲ್ಲಿ ಇಳಿಸಿ ಹೋಗುತ್ತಿದ್ದರು, ನನ್ನ ಅಪ್ಪನ ಕಾರಿನಲ್ಲಿ ನಾವು ಒಟ್ಟಿಗೆ ರಿಂಕಿಗೆ. ಹೆಲ್ಮೆಟ್ಟಿನೊಳಗೆ ತುರುಕಲೆಂದು ಸುತ್ತಿಕೊಂಡು ಬಂದ ಆ ಕೂದಲಿನ ಗಂಟನ್ನು ನೋಡಿ ಅಮ್ಮ, “ಅಯ್ಯೋ, ಇದೇನಮ್ಮ ಕಾಗೆ ಗೂಡು, ಕಮ್, ಸಿಟ್,” ಎಂದು ನನ್ನ ಹೊಸ್ತಿಲಿನಲ್ಲಿ ಅವಳನ್ನು ಕೂರಿಸಿದಳು.

ಐಸಿನ ಮೇಲೆ ನಿಂತರೆ ಶೀತ ನೆತ್ತಿಯಿಂದ ಇಳಿಯುತ್ತದೆಂದು ಅಮ್ಮನ ನಂಬಿಕೆ. ಬರೀ ಕೊಬ್ಬರಿ ಎಣ್ಣೆ ತಂಪು, ಆಗದು. ಒಗ್ಗರಣೆ ಸೌಟಿನಲ್ಲಿ ಕಾಳುಮೆಣಸು ಚಟಪಟ ಎನ್ನುವಂತೆ ಕಾಯಿಸಿ, ಬೆಚ್ಚಗಿರುವಾಗಲೇ ಶಿನ್ ಯೀಯ ಕೂದಲ ಬುಡಕ್ಕೆ ತಿಕ್ಕಿ, ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. “ಅಲುಗಾಡ್ಬೇಡ ಪುಟ್ಟಿ.” ಪುಟ್ಟಿ ಎಂದರೆ ನಾನು ಎಂದುಕೊಂಡಿದ್ದೆ, ಅಲ್ಲಿಯವರೆಗೆ. ಉಳಿದ ಎಣ್ಣೆ ಬಾಟಲಿಯಲ್ಲಿ ರಿಂಕಿಗೆ ಬರುತ್ತಿತ್ತು. ಚೀನೀ ಮಕ್ಕಳು, ಮಲಯ್ ಮಕ್ಕಳು, ತಮಿಳರ ಹುಡುಗ, ಎಲ್ಲರೂ ಸಾಲಾಗಿ ಬಂದು ಅಮ್ಮನ ಮುಂದೆ ತಲೆ ಬಗ್ಗಿಸುತ್ತಿದ್ದರು. ಮಾಂಟ್ ಕಿಯಾರಾದ ನಾಯಕ ಮೂಗು ಮುಚ್ಚಿಕೊಂಡು, “ಏನು, ಹೆಲ್ಮೆಟ್ ಒಳಗೆ ರಸಂ ತಪಾವ್ ಮಾಡ್ಕೊಂಡು ಬಂದ್ರಾ?” ಎಂದು ಕೇಳಿದ್ದ; ತಪಾವ್ ಎಂದರೆ ಇಲ್ಲಿ ಪಾರ್ಸಲ್. ಶಿನ್ ಯೀ, “ಹೌದು ಲಾ, ನೀವು ಸೋತ್ಮೇಲೆ ಕೊಡ್ತೀವಿ,” ಎಂದಳು, ಈ ಊರಿನವರಂತೆ ಮಾತಿಗೊಂದು ‘ಲಾ’ ಹಚ್ಚಿ. ಅಂದೂ ಸೋತವರು ನಾವೇ. ಎಲ್ಲರಿಗೆ ಬಿದ್ದಂತೆ ನನ್ನ ನೆತ್ತಿಗೂ ಒಂದು ತೊಟ್ಟು ಬೀಳುತ್ತಿತ್ತು. ಎಲ್ಲರಿಗೆ ಬಿದ್ದಂತೆಯೇ.

ತಂಡ ಮಾಂಟ್ ಕಿಯಾರಾದವರನ್ನು ಗೆದ್ದದ್ದು ಒಂದೇ ಸಲ. ಅಂದು ಶಿನ್ ಯೀಗೆ ಜ್ವರ, ಗೋಲಿನ ಮುಂದೆ ನಾನು. ಹೇಗೆ ತಡೆದೆನೋ ತಿಳಿಯದು. ಪ್ಯಾಡಿಗೆ, ಎದೆಗೆ, ಒಮ್ಮೆ ನೇರ ಹೆಲ್ಮೆಟ್ಟಿಗೆ, ಬಂದದ್ದೆಲ್ಲ ಬಡಿದು ಹಿಂದಿರುಗಿತು. ಪ್ರತಿ ಹೊಡೆತದ ನಂತರ ನಾನು ನೋಡುಗರು ಕೂರುವ ಮೇಲಿನ ಮೆಟ್ಟಿಲುಗಳ ಕಡೆ ನೋಡುತ್ತಿದ್ದೆ. ಅಮ್ಮ ಬಂದಿರಲಿಲ್ಲ. ನಮ್ಮ ಮನೆಯಲ್ಲಿ, ನನ್ನ ಹಾಸಿಗೆಯ ಪಕ್ಕದಲ್ಲಿ, ಶಿನ್ ಯೀಗೆ ಗಂಜಿ ಕುಡಿಸುತ್ತ ಕೂತಿದ್ದಳು. ಕಾರಿನಿಂದ ಮನೆಯವರೆಗೆ ಓಡಿ ಬಾಗಿಲು ತಳ್ಳಿದರೆ ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡಳು. “ಶ್, ಈಗ ತಾನೇ ನಿದ್ದೆ ಹತ್ತಿದೆ ಅವಳಿಗೆ. ಗೆದ್ರಾ? ಜಾಣೆ. ಕೈಕಾಲು ತೊಳ್ಕೊ ಹೋಗು.” ಕೂದಲು ಮತ್ತೆ ಬೆಳೆಸಿದ್ದರೆ ಸಾಕಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಮತ್ತೆ ಬೆಳೆಸು ಅಂತ ಅಮ್ಮ ತಾನಾಗಿಯೇ ಕೇಳಲಿ ಎಂದು ಪ್ರತಿ ತಿಂಗಳೂ ಹೋಗಿ ಕತ್ತರಿಸಿಕೊಂಡು ಬರುತ್ತಿದ್ದೆ.

ನಿಮಗೂ ಇಂಥ ಒಂದು ಮನೆ ಇದ್ದೀತು, ಈಗ ಅದರ ಕರೆಗಂಟೆಯನ್ನು ಬೇರೆ ಯಾರೋ ಒತ್ತುತ್ತಿರಬಹುದು. ಪುಚೊಂಗಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮಕ್ಕಳು ಓದಿಗೆ ಚದುರಿದಾಗ ತಂಡ ಹೋಯಿತು. ಎರಡು ವರ್ಷದ ಹಿಂದೆ ಅಮ್ಮ ಹೋದಳು. ಅವಳು ಹೋದ ಮೇಲೆ ನಾನು ಕೂದಲಿಗೆ ಕತ್ತರಿ ಹಾಕಿಲ್ಲ.

ಕಳೆದ ಶನಿವಾರ ಸಂಜೆ ಶಿನ್ ಯೀ ಪೆನಾಂಗಿನಿಂದ ನನ್ನ ಮನೆಗೆ ಬಂದಳು, ಸಾಮಾನು ಜೋಡಿಸಲು. ಅಲ್ಲಿ ಮಕ್ಕಳ ಹಲ್ಲಿನ ವೈದ್ಯೆ ಅವಳು, ಈಗ ಕೂದಲು ಭುಜದವರೆಗೆ ಮಾತ್ರ. ಪೆಟ್ಟಿಗೆಯಿಂದ ಹೆಲ್ಮೆಟ್ಟನ್ನು ಎತ್ತಿ ಅದರೊಳಗೆ ಮುಖವಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಕೆನಿಸಿತು. ವಾಸನೆ ಮುಗಿದುಹೋಗುತ್ತದೆ ಎಂಬ ಭಯ, ಮಕ್ಕಳಿಗಿರುವಂಥದು. ಕೊನೆಗೆ ತಲೆಯೆತ್ತಿ, “ನಂದೊಂದು ಗುಟ್ಟು ಹೇಳ್ಲಾ? ಕುರ್ಚಿ ಮೇಲೆ ಅಳೋ ಮಕ್ಕಳಿಗೆ ನಾನು ‘ಅಲುಗಾಡ್ಬೇಡ ಪುಟ್ಟಿ’ ಅಂತೀನಿ. ಯಾವ ಮಗೂಗೂ ಅರ್ಥ ಆಗಲ್ಲ ಲಾ, ಆದ್ರೂ ಸುಮ್ನಾಗ್ತಾವೆ,” ಎಂದಳು.

ನಾನು ನಗಲಿಲ್ಲ. ನನ್ನ ಅಮ್ಮನ ಮಾತು ಪೆನಾಂಗಿನಲ್ಲಿ ಯಾರು ಯಾರದೋ ಮಕ್ಕಳನ್ನು ಸಮಾಧಾನ ಮಾಡುತ್ತಿದೆ. ನನ್ನ ಬಳಿ ಇರುವುದು ಒಗ್ಗರಣೆ ಸೌಟು. “ಜಡೆ ಹಾಕೋದು ನೆನಪಿದೆಯಾ, ಅಮ್ಮ ಹಾಕ್ತಿದ್ದ ಹಾಗೆ?” ಎಂದು ಕೇಳಿದೆ. ಅವಳು ನನ್ನ ಕೂದಲನ್ನೊಮ್ಮೆ ನೋಡಿ, “ಎಡಗಡೆ ಮೊದ್ಲು,” ಎಂದಳು. ಅದು ನನಗೆ ಮರೆತೇಹೋಗಿತ್ತು.

ಮರುದಿನ ಬೆಳಿಗ್ಗೆ ನಾನು ಅವಳಿಗಿಂತ ಮೊದಲೆದ್ದೆ. ಅಮ್ಮನ ಸೌಟಿನಲ್ಲಿ ಎಣ್ಣೆ ಕಾಯಿಸಿ ಕಾಳುಮೆಣಸು ಹಾಕಿದೆ. ಮನೆಯೆಲ್ಲ ಘಮಗುಟ್ಟಿದಾಗ ಶಿನ್ ಯೀ ಕಣ್ಣುಜ್ಜುತ್ತ ಅಡುಗೆಮನೆಗೆ ಬಂದಳು. ನಾನು ಸೌಟನ್ನೂ ರಬ್ಬರ್ ಬ್ಯಾಂಡುಗಳನ್ನೂ ಅವಳ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಹೊಸ್ತಿಲಲ್ಲಿ ಕೂತೆ. ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿತ್ತು. ಎಡಗಡೆ ಮೊದಲು. ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ.

“ಅಲುಗಾಡ್ಬೇಡ ಪುಟ್ಟಿ,” ಎಂದಳು ಶಿನ್ ಯೀ, ಅಮ್ಮನ ಅದೇ ಮೈಸೂರಿನ ರಾಗದಲ್ಲಿ.

ನಾನು ಅಲುಗಾಡಲಿಲ್ಲ.