ಮೊದಲು ಇಲಿ, ಆಮೇಲೆ ಮನುಷ್ಯ

ಆ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಬೆಳೆಸುವ ಕೆಲಸ ಇಪ್ಪತ್ತಮೂರು ವರ್ಷಗಳಿಂದ ಆಕೆಯದು. ಬಾಗಿಲು ದಾಟಿದವರಿಗೆ ಮೊದಲು ಕೇಳಿಸುತ್ತಿದ್ದುದು ಆಕೆಯ ಗದರಿಕೆಯಾದ್ದರಿಂದ, ಎಲ್ಲರ ಬಾಯಲ್ಲೂ ಆಕೆ ‘ಕೈತೊಳಿ ಅಕ್ಕ’. ಇಲಿಯ ಯಕೃತ್ತಿನ ಕೋಶಗಳಿಗೆ ಮೊದಲು ಪೋಷಕ ದ್ರವ, ಮನುಷ್ಯನ ಕೋಶಗಳಿಗೆ ಕೊನೆಗೆ: ಇದು ಆಕೆಯ ನೇಮ. ಮನುಷ್ಯನ ಕೋಶ ಬೆಳೆಯುವುದರಲ್ಲಿ ಬಲು ಚುರುಕು; ಒಂದು ಹನಿ ಇಲಿಯ ಸೀಸೆಗೆ ಬಿದ್ದರೆ ಸಾಕು, ಅಲ್ಲೇ ಸಂಸಾರ ಹೂಡುತ್ತದೆ.

ಮನುಷ್ಯನಿಗೆ ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿಗೆ ಇಲಿಯ ಕೋಶದಲ್ಲಿ ಪ್ರವೇಶವಿಲ್ಲ. ಸಂಶೋಧಕಿಯೊಬ್ಬಳು ಮನುಷ್ಯನ ಜೀನೊಂದನ್ನು ಸೇರಿಸಿ ಅದಕ್ಕೆ ಬಾಗಿಲು ತೆರೆದಿದ್ದಳು. ಆದರೂ ಮೂರು ವರ್ಷ ಅದು ಒಳಗೆ ಬಂದು, ಮುನಿಸಿಕೊಂಡ ನೆಂಟನಂತೆ ಸುಮ್ಮನೆ ಕುಳಿತಿತ್ತು. ಇನ್ನೊಂದು ಜೀನನ್ನು ಬದಲಿಸಿದ ಮೇಲೆ, ಕಳೆದ ತಿಂಗಳು, ಇದ್ದಕ್ಕಿದ್ದಂತೆ ವೃದ್ಧಿಯಾಗತೊಡಗಿತು. ಶುಕ್ರವಾರ ಪ್ರಬಂಧ ಕಳಿಸುವುದೆಂದಾಯಿತು.

ಬುಧವಾರ, ಪ್ರಬಂಧಕ್ಕೆ ಬೇಕಾದ ದಿನಾಂಕಗಳಿಗಾಗಿ ಅಕ್ಕ ತನ್ನ ದಾಖಲೆ ಪುಸ್ತಕ ತೆರೆದಳು. ಎರಡು ತಿಂಗಳ ಹಿಂದೆ, ಗಾಳಿ ಶೋಧಿಸುವ ಪೆಟ್ಟಿಗೆ ರಿಪೇರಿಯಾದ ದಿನ, ಅವಸರದಲ್ಲಿ, ತನ್ನದೇ ಕೈಬರಹ: ‘ಮನುಷ್ಯ, ಹತ್ತು ಗಂಟೆ. ಇಲಿ, ಹತ್ತೂವರೆ.’ ಎರಡಕ್ಕೂ ಏಳನೆಯ ಬಾಟಲಿಯ ದ್ರವವೇ.

ಆ ಸಂಜೆ ತಟ್ಟೆಯ ಮುಂದೆ ಕೈಕಟ್ಟಿ ಕುಳಿತವಳನ್ನು ಗಂಡ ಕೆಣಕಿದ. “ಇಲಿಗೆ ಕಾಮಾಲೆ ಬಂದ್ರೆ ನೀನ್ಯಾಕೆ ಊಟ ಬಿಡ್ತೀಯ?”

“ಬಂದೇ ಇಲ್ಲ ಅನ್ಸುತ್ತೆ ರೀ. ಅದೇ ಸಂಕಟ.”

ಮರುದಿನ ಯಾರಿಗೂ ಹೇಳದೆ ಆ ಇಲಿ ಸೀಸೆಯ ಕೋಶಗಳಿಗೆ ಬಣ್ಣ ಹಾಕಿ, ಮಧ್ಯಾಹ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಇಲಿಯ ವರ್ಣತಂತುಗಳು ತುದಿಯಲ್ಲಿ ಗಂಟು ಹಾಕಿದ ಜೋಡಿ ದಾರದಂತಿರುತ್ತವೆ. ಮನುಷ್ಯನವುಗಳಲ್ಲಿ ಬಹಳಷ್ಟಕ್ಕೆ ಗಂಟು ನಡುವೆ. ಸೀಸೆಯಲ್ಲಿ ಎರಡು ಬಗೆಯೂ ಇದ್ದವು.

ಸಂಶೋಧಕಿಯನ್ನು ಕರೆದು ತೋರಿಸಿದಳು. ಹುಡುಗಿ ಗಾಜಿನ ಪಟ್ಟಿಯನ್ನು ಸರಿಸಿ ಸರಿಸಿ ನೋಡಿದಳು.

“ವೈರಸ್ಸು ಬೆಳೆದದ್ದು ಮನುಷ್ಯನ ಕೋಶದಲ್ಲೇ ಇರ್ಬೇಕಮ್ಮ. ತಪ್ಪು ನಂದು.”

“ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಕ್ಕ.”

“ಇಲಿಗೆ ಗೊತ್ತಿತ್ತಲ್ಲ.”

ಹುಡುಗಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಕ್ಕ ದಾಖಲೆ ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದಳು. ಶುಕ್ರವಾರ ಪ್ರಬಂಧ ಹೋಗಲಿಲ್ಲ. ಸೋಮವಾರ, ಆ ಅವಸರದ ದಿನಕ್ಕೂ ಮುಂಚೆ ಹೆಪ್ಪುಗಟ್ಟಿಸಿಟ್ಟಿದ್ದ ಹಳೆಯ ಇಲಿ ಕೋಶಗಳನ್ನು ಹೊರತೆಗೆದರು. ಹುಡುಗಿ ಎರಡು ಹೊಸ ಬಾಟಲಿಗಳನ್ನು ತಂದು, ಒಂದರ ಮೇಲೆ ದಪ್ಪಕ್ಷರದಲ್ಲಿ ‘ಇಲಿ’ ಎಂದು ಬರೆದಳು.

“ಶುರು ಮಾಡೋಣ್ವಾ, ಅಕ್ಕ?”

“ಮೊದ್ಲು ಕೈ ತೊಳಿ.”