ದ್ಯಾಮಣ್ಣನ ಮರುಕ ಮತ್ತು ಸುಟ್ಟ ಆಂಪ್ಲಿಫೈಯರುಗಳು

ಕಾರಿಗೆ ಸ್ಪೀಕರ್ ಕೂಡಿಸುವ ಕಸುಬಿನಲ್ಲಿ ಹಿಟ್ನಾಳದ ದ್ಯಾಮಣ್ಣನಷ್ಟು ಮರುಕವುಳ್ಳ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ. ಆ ಮರುಕದಿಂದಲೇ ಹದಿನಾಲ್ಕು ವರ್ಷದಲ್ಲಿ ಅವನು ಎಷ್ಟು ಆಂಪ್ಲಿಫೈಯರುಗಳನ್ನು ಸುಟ್ಟನೋ ಅವನೇ ನೆನಪಿಟ್ಟಿಲ್ಲ, ನಾವೂ ಕೇಳಿ ನೋಯಿಸುವುದು ಬೇಡ.

ಕೈ ಮಾತ್ರ ಚಿನ್ನದಂಥದ್ದು. ಬಾಗಿಲಿನ ಒಳಹೊದಿಕೆ ಬಿಚ್ಚಿದರೆ ಒಂದು ಕ್ಲಿಪ್ಪೂ ಮುರಿಯುತ್ತಿರಲಿಲ್ಲ. ಸೀಟಿನಡಿ ವೈರು ಎಳೆದರೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗಾಡಿಯ ಮಾಲೀಕನಿಗೂ ತಿಳಿಯದು. ಆದರೆ ಅವನ ಅಂಗಡಿಯಲ್ಲಿ ಕೂಡಿಸಿದ ಸಿಸ್ಟಮ್ಮು ಮೂರು ತಿಂಗಳು ಗಂಟಲು ಹರಿಯುವಂತೆ ಹಾಡಿ, ನಾಲ್ಕನೆಯ ತಿಂಗಳು ಸುಟ್ಟ ವಾಸನೆ ಬಿಟ್ಟು ಮೌನವ್ರತ ಹಿಡಿಯುತ್ತಿತ್ತು.

“ನಮ್ಮ ಕಡಿ ಬಿಸಲು ನೋಡ್ರಿ,” ಎನ್ನುತ್ತಿದ್ದ ದ್ಯಾಮಣ್ಣ. “ಮನಷ್ಯಾರ ತಡಿಯಂಗಿಲ್ಲ, ಮಷೀನ್ ಹೆಂಗ ತಡದೀತು?”

ಬಿಸಿಲು ತಿರುಗಿ ಮಾತಾಡುವುದಿಲ್ಲವಲ್ಲ, ಎಲ್ಲವನ್ನೂ ಅದರ ತಲೆಗೆ ಕಟ್ಟಿದ. ಆಂಪ್ಲಿಫೈಯರಿನ ಪಕ್ಕ ಸಣ್ಣ ಫ್ಯಾನು ಕೂಡಿಸಿದ, ಆಮೇಲೆ ಎರಡು ಕೂಡಿಸಿದ. ಕುಕನೂರಿನ ಒಬ್ಬರಿಗಂತೂ ಡಿಕ್ಕಿಯಲ್ಲಿ ಒದ್ದೆ ಗೋಣಿಚೀಲ ಹಾಸಿಕೊಂಡು ಓಡಾಡಲು ಹೇಳಿದ. ಆ ಪುಣ್ಯಾತ್ಮರು ಹಾಸಿಕೊಂಡು ಓಡಾಡಿದರು ಕೂಡ.

ಅಸಲು ಕಥೆ ಬೇರೆ. ದ್ಯಾಮಣ್ಣನ ಅಪ್ಪ ಎತ್ತಿನ ಬಂಡಿ ಹೊಡೆದು ಸಂಸಾರ ಸಾಕಿದವನು. ಎತ್ತು ಹತ್ತು ಚೀಲ ಎಳೆಯುವಂತಿದ್ದರೂ ಎಂಟಕ್ಕಿಂತ ಹೆಚ್ಚು ಹೇರಿದವನಲ್ಲ. ಆ ಪಾಠ ಮಗನ ರಕ್ತದಲ್ಲಿ ಇಳಿದಿತ್ತು. ಆಂಪ್ಲಿಫೈಯರಿನ ಡಬ್ಬಿಯ ಮೇಲೆ ಎರಡು ಓಮ್ ಎಂಬ ಬರಹ ಕಂಡಾಗ ಅವನ ಕಣ್ಣಿಗೆ ಕಂಡದ್ದು ಎರಡು ಚೀಲ. ಪಾಪ, ಎರಡು ಹೊರುತ್ತದೆ ಎಂದು ಎರಡನ್ನೂ ಹೇರುವುದೇ? ನಾಲ್ಕು ಓಮಿನ ನಾಲ್ಕು ಸ್ಪೀಕರುಗಳ ಕೆಂಪು ವೈರುಗಳನ್ನೆಲ್ಲ ಒಂದು ಕಡೆ, ಕರಿ ವೈರುಗಳನ್ನೆಲ್ಲ ಇನ್ನೊಂದು ಕಡೆ ಸೇರಿಸಿ ಗಂಟು ಹಾಕಿದರೆ ಮೀಟರಿನ ಅಂಕಿ ಒಂದಕ್ಕಿಂತ ಕೆಳಗೆ ಇಳಿಯುತ್ತದೆಂದು ಕಂಡುಕೊಂಡಿದ್ದ. ಅಂಕಿ ಇಳಿದಷ್ಟೂ ಯಂತ್ರಕ್ಕೆ ಹಗುರವೆಂದು ನಂಬಿ ಹಿಗ್ಗುತ್ತಿದ್ದ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ಮುಂಜಾನೆ ಅಳವಂಡಿಯ ಶರಣಬಸಮ್ಮನವರ ಬಿಳಿ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಸರ್ಕಾರಿ ನರ್ಸ್ ಆಗಿ ನಿವೃತ್ತರಾದವರು. ಸುತ್ತಲಿನ ಇಪ್ಪತ್ತು ಹಳ್ಳಿಗಳಲ್ಲಿ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳದ ತೋಳಿಲ್ಲ. ದ್ಯಾಮಣ್ಣನೂ ಸಾಲೆಯ ಕಿಟಕಿ ಹಾರಿ ಓಡಿ, ಅವರ ಕೈಗೇ ಸಿಕ್ಕು ಚುಚ್ಚಿಸಿಕೊಂಡವನು.

“ದ್ಯಾಮಣ್ಣ, ನೀ ಹಾಕಿದ ಎರಡನೇ ಮಷೀನೂ ಸುಟ್ಟೈತಿ,” ಎಂದರು ಶರಣಬಸಮ್ಮ.

“ಬಿಸಲರಿ ನರ್ಸಮ್ಮಾರ...”

“ಇದು ಶ್ರಾವಣ ಐತಿ. ಎರಡು ದಿನದಿಂದ ಸೂರ್ಯಾನ ಮಾರಿ ಕಂಡಿಲ್ಲ.” ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟರು. “ಮೂರನೇದು ಹಾಕು. ಅದೂ ಸುಟ್ಟರ ಗಾಡಿ ಗಂಗಾವತಿ ಅಂಗಡಿಗೆ ಒಯ್ತೀನಿ. ಯಾಕ ಒಯ್ದೆ ಅಂತ ಕೇಳಿದವರಿಗೆಲ್ಲ ಹೇಳ್ತೀನಿ. ಕೇಳಲಾರದವರಿಗೂ ಹೇಳ್ತೀನಿ.”

ಶರಣಬಸಮ್ಮನವರು ಒಂದು ಮಾತು ಆಡಿದರೆ ಸಂಜೆಯೊಳಗೆ ಅದು ಇಪ್ಪತ್ತೂ ಹಳ್ಳಿ ಮುಟ್ಟುತ್ತದೆ. ದ್ಯಾಮಣ್ಣನಲ್ಲಿದ್ದ ಆಸ್ತಿ ಹೆಸರೊಂದೇ. ಅದೂ ಹೋದರೆ ಹೆದ್ದಾರಿಯಲ್ಲಿ ಅವನ ಬೋರ್ಡು ನೋಡಿ ಯಾರು ಬ್ರೇಕು ಒತ್ತುತ್ತಾರೆ?

ಅಂದು ಎಂದಿಗಿಂತ ಹೆಚ್ಚು ಕಾಳಜಿಯಿಂದ, ಅಂದರೆ ಎಂದಿಗಿಂತ ಗಟ್ಟಿಯಾಗಿ, ಅದೇ ಎರಡು ಗಂಟು ಹಾಕತೊಡಗಿದ. ಮಗಳು ದೀಪಿಕಾ ಬುತ್ತಿ ತಂದವಳು ಹಿಂದೆ ನಿಂತು ನೋಡಿದಳು. ಕೊಪ್ಪಳದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾದ ಎರಡನೆಯ ವರ್ಷ ಓದುತ್ತಿದ್ದಳು. ಹೋದ ವರ್ಷವೊಮ್ಮೆ ಈ ಗಂಟಿನ ಮಾತು ಎತ್ತಲು ಹೋಗಿ, “ನೀ ಪುಸ್ತಕ ಓದು, ನಾ ಗಾಡಿ ನೋಡ್ತೀನಿ” ಎಂದು ಅನ್ನಿಸಿಕೊಂಡಿದ್ದಳು.

“ಅಪ್ಪಾ, ಮೀಟರ್ ಎಷ್ಟು ತೋರಸ್ತೈತಿ?”

“ಒಂದಕ್ಕೂ ಕಡಿಮಿ. ಹೂವಿನಂಗ ಹಗುರ.”

“ಇಳಿಜಾರಿನ್ಯಾಗ ಅಜ್ಜ ಬಂಡಿ ಹೆಂಗ ಇಳಸ್ತಿದ್ದ?”

ಇದೆಂಥ ಪ್ರಶ್ನೆ ಎಂದು ದ್ಯಾಮಣ್ಣ ತಿರುಗಿದ. “ಹಗ್ಗ ಬಿಗಿದು ಗಾಲಿಗೆ ಕಟ್ಟಿಗಿ ಒತ್ತಸ್ತಿದ್ದ. ಇಲ್ಲಂದ್ರ ಬಂಡಿ ದಡದಡ ಓಡಿ ಎತ್ತಿನ ಮ್ಯಾಲೇ ಬೀಳ್ತೈತಿ.”

“ಓಮ್ ಅಂದ್ರ ಚೀಲ ಅಲ್ಲಪ್ಪಾ, ಕರೆಂಟಿನ ಓಟ ತಡಿಯೋ ಕಟ್ಟಿಗಿ. ಎರಡು ಓಮ್ ಅಂದ್ರ ಕಟ್ಟಿಗಿ ಕಡಿಮಿ ಅಂದ್ರೂ ಎರಡು ಇರಬೇಕು ಅಂತ. ನೀ ಒಂದಕ್ಕ ಇಳಸಿದಿ. ಕರೆಂಟು ಮನಸಿಗೆ ಬಂದಂಗ ಓಡಿತು, ಮಷೀನ್ ಸುಟ್ಟಿತು.”

ದ್ಯಾಮಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕಾರಿನ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಹದಿನಾಲ್ಕು ವರ್ಷ ತಾನು ಮೈ ಸವರಿದ್ದೆಲ್ಲ ಕತ್ತು ಹಿಚುಕಿದ್ದಾಗಿತ್ತೆಂದು ತಿಳಿದು ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ದೀಪಿಕಾ ಗಂಟುಗಳನ್ನು ಬಿಚ್ಚಿದಳು. ಎರಡೆರಡು ಸ್ಪೀಕರುಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಕಟ್ಟಿ ಜೋಡಿಗೆ ಎಂಟು ಓಮ್ ಮಾಡಿದಳು. ಆ ಎರಡು ಜೋಡಿಗಳನ್ನು ಅಕ್ಕಪಕ್ಕ ಸೇರಿಸಿದಾಗ ಅರ್ಧಕ್ಕಿಳಿದು ನಾಲ್ಕಾಯಿತು, ಡಬ್ಬಿ ಕೇಳುವ ಎರಡಕ್ಕಿಂತ ಹೆಚ್ಚೇ. ಮೀಟರು ಮೂರೂವರೆ ತೋರಿಸಿತು. ಸುಮ್ಮನಿರುವ ಸ್ಪೀಕರಿಗೆ ಹಿಡಿದರೆ ಅದು ಸ್ವಲ್ಪ ಕಡಿಮೆಯೇ ಹೇಳುತ್ತದೆಂದು ಅಪ್ಪನಿಗೆ ಧೈರ್ಯ ಕೊಟ್ಟಳು.

ಶರಣಬಸಮ್ಮ ಹಾಡನ್ನು ಪೂರ್ತಿ ಏರಿಸಿ, ಕೊಪ್ಪಳಕ್ಕೆ ಹೋಗಿ ಬರುತ್ತೇನೆಂದು ಹೊರಟರು. ಆ ಹೊತ್ತನ್ನು ದ್ಯಾಮಣ್ಣ ಹೇಗೆ ಕಳೆದ ಎಂಬುದನ್ನು ಪಕ್ಕದ ಪಂಕ್ಚರ್ ಅಂಗಡಿಯ ಫಕ್ರುದ್ದೀನನನ್ನು ಕೇಳಬೇಕು. ನಾಲ್ಕು ಸಲ ಚಹಾ ತರಿಸಿದ, ನಾಲ್ಕನ್ನೂ ಕುಡಿಯದೆ ಆರಲು ಬಿಟ್ಟ. ಬುತ್ತಿ ಬಿಚ್ಚಲೇ ಇಲ್ಲ.

ಕಾರು ಮರಳಿತು. ಶರಣಬಸಮ್ಮ ಇಳಿದವರೇ ಡಿಕ್ಕಿ ತೆಗೆದು, ಜ್ವರ ನೋಡುವಂತೆ ಅಂಗೈಯನ್ನು ಆಂಪ್ಲಿಫೈಯರಿನ ಮೇಲೆ ಇಟ್ಟರು.

“ಬೆಚ್ಚಗೈತಿ ಅಷ್ಟ. ಸಪ್ಪಳ ಚೂರು ಇಳದೈತಿ, ಆದ್ರ ಛಲೋ ಕೇಳ್ತೈತಿ. ಇಷ್ಟು ದಿನ ಏನಾಗಿತ್ತು ಇದಕ್ಕ?”

ಫಕ್ರುದ್ದೀನ ಕಿವಿ ನೆಟ್ಟಗೆ ಮಾಡಿದ. ಇನ್ನಿಬ್ಬರು ಗಿರಾಕಿಗಳೂ ಅಲ್ಲೇ ಇದ್ದರು. ಮೋಡ, ಧೂಳು, ಕಂಪನಿ, ಬೇಕಾದಷ್ಟು ನೆವಗಳು ದ್ಯಾಮಣ್ಣನ ನಾಲಿಗೆಯ ತುದಿಗೆ ಬಂದು ನಿಂತವು.

“ಏನೂ ಆಗಿರ್ಲಿಲ್ರಿ ನರ್ಸಮ್ಮಾರ. ತಪ್ಪು ನಂದ. ವೈರ್ ಕಟ್ಟೂದು ನನಗ ಗೊತ್ತಿರ್ಲಿಲ್ಲ. ಇವತ್ತ ನನ್ನ ಮಗಳು ಕಲಿಸಿದ್ಳು.”

ಶರಣಬಸಮ್ಮ ಅವನನ್ನು ಒಮ್ಮೆ, ದೀಪಿಕಾಳನ್ನು ಒಮ್ಮೆ ನೋಡಿದರು. “ಹಂಗಾರ ನಾ ಸುಮ್ನ ಇರಂಗಿಲ್ಲ. ಊರಿಗೆಲ್ಲ ಹೇಳ್ತೀನಿ.”

“ಹೇಳ್ರಿ,” ಎಂದ ದ್ಯಾಮಣ್ಣ, ತಲೆ ತಗ್ಗಿಸಿ.

“ಹಿಟ್ನಾಳದಾಗ ದೀಪಿಕಾ ಅಂತ ಒಬ್ಬಾಕಿ ಅದಾಳ, ಸ್ಪೀಕರ್ ಆಕೀ ಕಡಿಂದನ ಹಾಕಸ್ರಿ ಅಂತ ಹೇಳ್ತೀನಿ.”

ಕಾರು ಹೋಯಿತು. ಕಾಯುತ್ತಿದ್ದ ಗಿರಾಕಿಗಳಲ್ಲಿ ಒಬ್ಬ ದ್ಯಾಮಣ್ಣನನ್ನು ದಾಟಿ ಒಳಗೆ ನಡೆದು, “ತಂಗೀ, ನಮ್ಮ ಗಾಡೀನೂ ಒಂಚೂರು ನೋಡವಾ,” ಎಂದ. ದ್ಯಾಮಣ್ಣ ತನ್ನ ಕುರ್ಚಿಯನ್ನು ಹೆಗಲ ಟವೆಲಿನಿಂದ ಒರೆಸಿ ಮಗಳ ಕಡೆಗೆ ಸರಿಸಿದ.